ತಂತ್ರಾಂಶ ನಿಂತಾಗ ಉಳಿಯುವುದೇನು?

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರ ಸಿಗುತ್ತದೆ. ಅಲ್ಲಿನ ಆಸುಪಾಸಿನ ಪ್ರೌಢಶಾಲೆಯೊಂದರ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಕಳೆದ ಮಳೆಗಾಲದಲ್ಲಿ ನನಗೊಂದು ಸಿ.ಡಿ. ತಂದುಕೊಟ್ಟರು. "ಇದು ಓಪನ್ ಆಗ್ತದಾ ನೋಡಿ ಸರ್" ಎಂಬುದಷ್ಟೇ ಅವರ ಕೋರಿಕೆ. ಇಪ್ಪತ್ತು ವರ್ಷಗಳ ಹಿಂದೆ ಅವರು ಮಕ್ಕಳೊಡನೆ ಶಾಲೆಯ ಅಂಗಳದಲ್ಲಿ ಮಳೆಮಾಪಕವಿಟ್ಟು ಹಲವು ಮಳೆಗಾಲಗಳ ದಿನವಹಿ ಲೆಕ್ಕ ಬರೆಸಿದ್ದರು. ಆ ಲೆಕ್ಕವನ್ನು ಮೈಕ್ರೋಸಾಫ್ಟ್ ಫ್ರಂಟ್‌ಪೇಜ್ ಎಂಬ ತಂತ್ರಾಂಶದ ಸಹಾಯದಿಂದ ಒಂದು ಜಾಲತಾಣವಾಗಿ ಕಟ್ಟಿದ್ದರು. ಜಾಲತಾಣ ಎಂದೋ ಅಂತರಜಾಲದಿಂದ ಮರೆಯಾಯಿತು. ಶಾಲೆಯ ಕಟ್ಟಡ ದುರಸ್ತಿಯಾದಾಗ ನೋಟುಪುಸ್ತಕಗಳೂ ಹೋದವು. ಉಳಿದದ್ದು ಈ ಸಿ.ಡಿ. ಮಾತ್ರ.

ಸಿ.ಡಿ. ತೆರೆಯಿತು. ಆದರೆ ಕುಂಬ್ರ ಎಂಬ ಹೆಸರಿರಬೇಕಾದ ಜಾಗದಲ್ಲಿ ಕಂಡದ್ದು ರೋಮನ್ ಲಿಪಿಯ ಒಂದು 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ ಒಂದು 'ಎ', ಎರಡು ಚುಕ್ಕಿ ಹೊತ್ತ ಇನ್ನೊಂದು 'ಎ', ಬರಿಯ 'ಎ', ಕಾಯಿದೆ ಪುಸ್ತಕಗಳಲ್ಲಿ ಕಾಣುವ ಸೆಕ್ಷನ್ ಚಿಹ್ನೆ, ಕೊನೆಗೆ ಒಂದಕ್ಕೊಂದು ಅಂಟಿಕೊಂಡ 'ಎ' ಮತ್ತು 'ಇ'. ಪುಟದ ತುಂಬ ಇದೇ ಬಗೆಯ ಕಲಸುಮೇಲೋಗರ. ವಿಚಿತ್ರವೆಂದರೆ ಕೋಷ್ಟಕಗಳ ಒಳಗಿನ ಅಂಕಿಗಳು ಮಾತ್ರ ಸ್ಫುಟವಾಗಿದ್ದವು. ಅಂಕಿ ಇದೆ, ಅದು ಯಾವುದರ ಅಂಕಿ ಎಂಬುದಿಲ್ಲ. ಏಕಮಾನವಿಲ್ಲದ ಸಂಖ್ಯೆ ಬರೆದರೆ ಪ್ರಯೋಗಾಲಯದಲ್ಲಿ ನಾವು ಅಂಕ ಕಳೆಯುತ್ತೇವೆ. ಇಲ್ಲಿ ಕಾಲವೇ ಏಕಮಾನಗಳನ್ನು ಅಳಿಸಿಹಾಕಿದಂತಿತ್ತು.

ಈ ಪ್ರಸಂಗದ ನೆಪದಲ್ಲಿ, ಸುಲಭವಾಗಿ ಜಾಲತಾಣ ಕಟ್ಟಿಕೊಡುತ್ತೇವೆನ್ನುವ ತಂತ್ರಾಂಶಗಳನ್ನು ಸ್ವಲ್ಪ ವಿಮರ್ಶೆಯ ಕಣ್ಣಿನಿಂದ ನೋಡಬೇಕೆನಿಸಿತು. ಇಂಥ ತಂತ್ರಾಂಶಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳೊಳಗೆ ಪ್ರವೇಶಿಸುವುದು ಎಷ್ಟು ಸುಲಭವೆಂದು ವರ್ಣಿಸುತ್ತಾರೆ. ತಯಾರಕರು ಅದನ್ನು ಕೈಬಿಟ್ಟ ದಿನ ನಾವು ನಮ್ಮ ಸಾಮಾನಿನೊಂದಿಗೆ ಹೊರಗೆ ಬರಬಲ್ಲೆವೇ ಎಂಬುದನ್ನು ಪರಿಶೀಲಿಸುವವರು ಕಡಿಮೆ.

ಫ್ರಂಟ್‌ಪೇಜ್ ಮೂಲತಃ ಮೈಕ್ರೋಸಾಫ್ಟಿನ ಕೂಸಲ್ಲ. ಅಮೆರಿಕದ ವರ್ಮೀರ್ ಟೆಕ್ನಾಲಜೀಸ್ ಎಂಬ ಚಿಕ್ಕ ಸಂಸ್ಥೆ ರೂಪಿಸಿದ ಅದನ್ನು ಮೈಕ್ರೋಸಾಫ್ಟ್ 1996ರ ಜನವರಿಯಲ್ಲಿ ಕೊಂಡುಕೊಂಡಿತು. ಫ್ರಂಟ್‌ಪೇಜಿನಲ್ಲಿ ಮಾಡಿದ ಯಾವುದೇ ತಾಣದ ಕಡತಗಳ ನಡುವೆ 'ವಿ-ಟಿ-ಐ' ಎಂಬ ಮೂರು ರೋಮನ್ ಅಕ್ಷರಗಳಿರುವ ಫೋಲ್ಡರುಗಳು ಸಿಗುತ್ತವೆ. ಅವು ಆ ಹಳೆಯ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಕುಂಬ್ರದ ಸಿ.ಡಿ.ಯಲ್ಲೂ ಅವು ಇದ್ದವು. ಆಫೀಸ್ ಮಾಲಿಕೆಯ ಕೆಲವು ಆವೃತ್ತಿಗಳೊಡನೆ ಬರುತ್ತಿದ್ದುದರಿಂದ ಫ್ರಂಟ್‌ಪೇಜ್ ನಮ್ಮ ಶಾಲಾ ಕಾಲೇಜುಗಳಿಗೂ ಬಂತು. ಅದರ ಕೊನೆಯ ಆವೃತ್ತಿ 2003ರದು. 2006ರ ಕೊನೆಗೆ ಅದನ್ನು ನಿಲ್ಲಿಸಿ, ಬದಲಿಗೆ ಎಕ್ಸ್‌ಪ್ರೆಷನ್ ವೆಬ್ ಬಳಸಿರೆಂದು ತಯಾರಕರು ಸೂಚಿಸಿದರು. ಆ ಎಕ್ಸ್‌ಪ್ರೆಷನ್ ವೆಬ್ ಕೂಡ 2012ರ ಡಿಸೆಂಬರಿನಲ್ಲಿ ನಿಂತಿತು. ಹಳೆಯದು ನಿಂತರೆ ಅದೇ ಅಂಗಡಿಯ ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂಬ ಸಲಹೆಯನ್ನು ನಂಬಿದವರು ಆರೇ ವರ್ಷಗಳಲ್ಲಿ ಎರಡನೆಯ ಸಲ ಮನೆ ಬದಲಿಸಬೇಕಾಯಿತು.

ಹಾಗೆಂದು ಫ್ರಂಟ್‌ಪೇಜನ್ನು ಹಳಿಯುವ ಗುಂಪಿಗೆ ನಾನು ಸೇರಿದವನಲ್ಲ. ಅದರ ಪುಟಗಳು ಸಾದಾ ಎಚ್.ಟಿ.ಎಂ.ಎಲ್. ಕಡತಗಳಾಗಿ ನಮ್ಮ ಡಿಸ್ಕಿನಲ್ಲೇ ಇರುತ್ತಿದ್ದವು. ಕೆಳಗಿದ್ದ ಒಂದು ಗುಂಡಿ ಒತ್ತಿದರೆ ಪುಟದ ಹಿಂದಿನ ಸಂಕೇತ ಭಾಷೆ ಕಾಣುತ್ತಿತ್ತು. ಎಷ್ಟೋ ಶಿಕ್ಷಕರು ಹಾಗೆ ಇಣುಕಿ ಇಣುಕಿಯೇ ಎಚ್.ಟಿ.ಎಂ.ಎಲ್. ಕಲಿತರು. ಕೈಯಾರೆ ಸಂಕೇತ ಬರೆಯಲು ಕಲಿತ ಮೇಲೆಯೇ ತಾಣ ಕಟ್ಟಬೇಕಿತ್ತು ಎನ್ನುವ ಪಂಡಿತರಿದ್ದಾರೆ. ಅವರ ಮಾತು ಕೇಳಿದ್ದರೆ ಕುಂಬ್ರದ ಆ ತಾಣ ಹುಟ್ಟುತ್ತಲೇ ಇರಲಿಲ್ಲ.

ಇದಕ್ಕೆ ಹೋಲಿಸಿದರೆ ಅಡೋಬಿ ಸಂಸ್ಥೆಯ ಮ್ಯೂಸ್ ಕಡಿಮೆ ಅಂಕ ಪಡೆಯುತ್ತದೆ. 2012ರಲ್ಲಿ ಬಂದ ಅದನ್ನು ನಿಲ್ಲಿಸುವುದಾಗಿ 2018ರ ಮಾರ್ಚಿನಲ್ಲಿ ಪ್ರಕಟಿಸಲಾಯಿತು. ಬೆಂಬಲ 2020ರ ಮಾರ್ಚಿಗೆ ಕೊನೆಗೊಂಡಿತು. ಅದರ ಮೂಲ ಕಡತವನ್ನು ಮ್ಯೂಸ್ ಮಾತ್ರ ಓದಬಲ್ಲದು. ಅದು ಹೊರಹಾಕುವ ಪುಟ ಬ್ರೌಸರಿಗೆ ಅರ್ಥವಾಗುತ್ತದಾದರೂ ತಿದ್ದಹೊರಟ ಮನುಷ್ಯನಿಗೆ ಸುಲಭವಲ್ಲ. ಇನ್ನು ತಾಣವನ್ನು ಕಂಪೆನಿಯ ಗಣಕದಲ್ಲೇ ಕಟ್ಟಿ ಅಲ್ಲೇ ಇಡುವ ಪದ್ಧತಿಯಲ್ಲಿ ನಮ್ಮ ಕೈಯಲ್ಲಿ ಕಡತವೇ ಇರುವುದಿಲ್ಲ. ಜಿಯೋಸಿಟೀಸ್ 2009ರ ಅಕ್ಟೋಬರ್ 26ರಂದು ಬಾಗಿಲು ಹಾಕಿದಾಗ ಸ್ವಯಂಸೇವಕರು ಹಗಲಿರುಳು ನಕಲು ಮಾಡಿಕೊಂಡು ಉಳಿಸಿದಷ್ಟು ಉಳಿಯಿತು.

ಫ್ರಂಟ್‌ಪೇಜ್ ಅಂಕ ಕಳೆದುಕೊಳ್ಳುವುದು ಅದು ಉದಾರವಾಗಿ ಕೊಟ್ಟ ಅಲಂಕಾರಗಳಲ್ಲಿ. ಭೇಟಿ ನೀಡಿದವರ ಸಂಖ್ಯೆ ತೋರಿಸುವ ಎಣಿಕೆಪಟ್ಟಿ, ಅಭಿಪ್ರಾಯ ಬರೆಯುವ ನಮೂನೆ, ಹುಡುಕುವ ಪೆಟ್ಟಿಗೆ ಇವೆಲ್ಲ ಕೆಲಸ ಮಾಡಬೇಕಾದರೆ ತಾಣವಿರುವ ಸರ್ವರಿನಲ್ಲಿ ಫ್ರಂಟ್‌ಪೇಜಿನ ವಿಶೇಷ ತಂತ್ರಾಂಶವೂ ಇರಬೇಕಿತ್ತು. ಅದು ಹೋದೊಡನೆ ಇವೂ ಸತ್ತವು. ಮೌಸ್ ಇಟ್ಟರೆ ಬಣ್ಣ ಬದಲಿಸುವ ಗುಂಡಿಗಳ ಕಥೆ ಇನ್ನೂ ಕಷ್ಟದ್ದು. ಹಳೆಯ ಆವೃತ್ತಿಗಳಲ್ಲಿ ಅವು ಜಾವಾ ಆಪ್ಲೆಟ್‌ಗಳಾಗಿದ್ದವು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅಂಥ ಆಪ್ಲೆಟ್‌ಗಳಿಗೆ ಎಡೆ ಇಲ್ಲವೆಂದವು. ನಮ್ಮ ಸಿ.ಡಿ.ಯ ಮುಖಪುಟದ ಎಡಬದಿಯಲ್ಲಿ ಗುಂಡಿಗಳಿರಬೇಕಾದ ಕಡೆ ಬೂದು ಚೌಕಗಳಷ್ಟೇ ಇದ್ದವು. ಒಳಪುಟಗಳಿಗೆ ಹೋಗಲು ದಾರಿಯೇ ಇರಲಿಲ್ಲ. ಆದರೆ ಪುಟದ ಸಂಕೇತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಪ್ರತಿ ಗುಂಡಿಯ ಹೆಸರೂ ಅದು ಒಯ್ಯುವ ಪುಟದ ವಿಳಾಸವೂ ಸಾದಾ ಪಠ್ಯವಾಗಿ ಅಲ್ಲೇ ಇವೆ. ಅವುಗಳನ್ನು ಸಾಮಾನ್ಯ ಕೊಂಡಿಗಳಾಗಿ ಬರೆದುಕೊಳ್ಳಲು ಒಂದು ಸಂಜೆ ಸಾಕಾಯಿತು.

ಭೌತಶಾಸ್ತ್ರದ ಶಿಕ್ಷಕರಿಗೆ ಇದು ಹೊಸ ಅನುಭವವಲ್ಲ. ಫ್ಲ್ಯಾಶ್ 2020ರ ಡಿಸೆಂಬರ್ 31ರಂದು ಕೊನೆಗೊಂಡಾಗ ಲೋಲಕ, ಮಸೂರ, ವಿದ್ಯುನ್ಮಂಡಲಗಳ ಎಷ್ಟು ಚಲಚಿತ್ರಿಕೆಗಳು ನಿಂತುಹೋದವು! ಕೊಲೊರಾಡೋ ವಿಶ್ವವಿದ್ಯಾಲಯದ ಫೆಟ್ ಯೋಜನೆ ತನ್ನ ಹಳೆಯ ಜಾವಾ ಮತ್ತು ಫ್ಲ್ಯಾಶ್ ಅನುಕರಣಗಳಲ್ಲಿ ಬಹಳಷ್ಟನ್ನು ಎಚ್.ಟಿ.ಎಂ.ಎಲ್.5ರಲ್ಲಿ ಹೊಸದಾಗಿ ಬರೆಸಿತು. ಅದಕ್ಕೆ ಆ ಶಕ್ತಿಯಿತ್ತು, ಒಂಟಿ ಶಿಕ್ಷಕರಿಗೆ ಇಲ್ಲ.

ಈಗ ಕನ್ನಡದ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಕಟ್ಟಿದ ತಾಣವಾದರೆ ತಂತ್ರಾಂಶ ನಿಂತರೂ ಪಠ್ಯ ಉಳಿಯುತ್ತದೆ. ನಮ್ಮಲ್ಲಿ ಪಠ್ಯವೇ ಇನ್ನೊಂದು ತಂತ್ರಾಂಶದ ಸಾಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ವಿಂಡೋಸಿನಲ್ಲಿ ಅದರ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯೊಡನೆ. ವಿಂಡೋಸ್ 98 ಇದ್ದ ಶಾಲೆಗಳಿಗೆ ನುಡಿ, ಬರಹ ಮುಂತಾದವುಗಳ ಫಾಂಟುಗಳೇ ಗತಿ. ಈ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ನುಡಿಯಲ್ಲಿ 80ನೇ ಸಂಖ್ಯೆ, ಅಂದರೆ ರೋಮನ್ 'ಪಿ', ತಲೆಕಟ್ಟಿಲ್ಲದ ಕಕಾರದ ಒಡಲು, 192 ತಲೆಕಟ್ಟು, 196 ಉಕಾರದ ಕೊಂಬು, 65 ಸೊನ್ನೆ, 167 ಬಕಾರ, 230 ರಕಾರದ ಒತ್ತು. ಇವಿಷ್ಟೂ ಸೇರಿ ಕುಂಬ್ರ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ನಾನು ಮೊದಲು ಕಂಡ ವಿಚಿತ್ರ ಮೆರವಣಿಗೆ. ಅಂಕಿಗಳು ಮಾತ್ರ ತಮ್ಮ ಸಹಜ ಸಂಕೇತಗಳಲ್ಲೇ ಇದ್ದುದರಿಂದ ಕೆಡದೆ ಉಳಿದವು.

ಫಾಂಟನ್ನು ತಾಣದ ಜೊತೆಗೇ ಕಳುಹಿಸುವ ಉಪಾಯವೂ ಆಗ ಇತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರಿಗಾಗಿ ಮೈಕ್ರೋಸಾಫ್ಟ್ ಕೊಟ್ಟಿದ್ದ ಆ ವಿಧಾನದಲ್ಲಿ ಫಾಂಟ್ ಕಡತವನ್ನು ನಿರ್ದಿಷ್ಟ ಜಾಲ ವಿಳಾಸಕ್ಕೆ ಕಟ್ಟಿಹಾಕಲಾಗುತ್ತಿತ್ತು. ತಾಣ ಬೇರೆ ವಿಳಾಸಕ್ಕೆ ಹೋದರೆ ಫಾಂಟ್ ಕೆಲಸ ಮಾಡದು. ಕೃತಿಸ್ವಾಮ್ಯದ ರಕ್ಷಣೆಗೆಂದು ಹಾಕಿದ ಆ ಬೀಗದ ಕೀಲಿ ಈಗ ಯಾರ ಬಳಿಯೂ ಇಲ್ಲ. ಆ ಬ್ರೌಸರು ಕೂಡ 2022ರ ಜೂನ್‌ನಲ್ಲಿ ನಿವೃತ್ತವಾಯಿತು.

ಹಾಗಾದರೆ ಹಳೆಯ ಸಂಕೇತಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಿಸಿದರಾಯಿತಲ್ಲ ಎನ್ನಬಹುದು. ಅಷ್ಟು ಸರಳವಲ್ಲ. ಹಳೆಯ ಫಾಂಟುಗಳಲ್ಲಿ ಬರವಣಿಗೆ ಕಣ್ಣಿಗೆ ಕಾಣುವ ಕ್ರಮದಲ್ಲಿದೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ. 'ಕರ್ನಾಟಕ' ಎಂಬಲ್ಲಿ ನುಡಿ ಮೊದಲು ಕ, ಅನಂತರ ನಾ, ಅದರ ಬಳಿಕ ಅರ್ಕಾವೊತ್ತನ್ನು ಇಡುತ್ತದೆ. ಯೂನಿಕೋಡಿಗೆ ರಕಾರ ನಕಾರಕ್ಕಿಂತ ಮೊದಲೇ ಬೇಕು. ಪರಿವರ್ತಕವು ಮುಂದಿನ ಚಿಹ್ನೆಯನ್ನು ನೋಡಿ ಹಿಂದಕ್ಕೆ ಬಂದು ಜಾಗ ಬದಲಿಸಬೇಕು. ಈ ಕೆಲಸ ಮಾಡುವ ಉಚಿತ ಪರಿವರ್ತಕಗಳು ಇವೆ. ಯಾವ ಫಾಂಟಿನ ಪಠ್ಯ ಎಂಬುದನ್ನು ಮಾತ್ರ ನಾವು ಸರಿಯಾಗಿ ಹೇಳಬೇಕು.

ನಾನು ಎಡವಿದ್ದು ಇಲ್ಲಿಯೇ. ಫ್ರಂಟ್‌ಪೇಜ್ ಪ್ರತಿಯೊಂದು ಪದಗುಚ್ಛಕ್ಕೂ ಫಾಂಟಿನ ಹೆಸರನ್ನು ಮತ್ತೆ ಮತ್ತೆ ತುಂಬಿರುತ್ತದೆ. ನೋಡಿದರೆ ಕಸದಂತೆ ಕಾಣುತ್ತದೆ. ಪುಟಗಳನ್ನು ಮೊದಲು ಶುಚಿಗೊಳಿಸೋಣವೆಂದು ಆ ಗುರುತುಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟೆ. ಅನಂತರ ತಿಳಿಯಿತು: ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಹೇಳುತ್ತಿದ್ದುದು ಆ ಕಸವೇ. ಸಸ್ಯಗಳ ಪುಟದಲ್ಲಿ ಕನ್ನಡದ ನಡುವೆ ಲ್ಯಾಟಿನ್ ಹೆಸರುಗಳಿದ್ದವು. ಪರಿವರ್ತಕ ಅವನ್ನೂ ನುಡಿಯೆಂದು ತಿಳಿದು ಯಾವ ಭಾಷೆಯಲ್ಲೂ ಇಲ್ಲದ ಕನ್ನಡವಾಗಿ ಬದಲಿಸಿತು. ಪುಣ್ಯಕ್ಕೆ ಮೂಲ ಸಿ.ಡಿ.ಯನ್ನು ಮುಟ್ಟಿರಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದೆ. ಇಂಥ ಕೆಲಸಕ್ಕೆ ಕೈಹಾಕುವವರು ಮೂಲದ ನಕಲನ್ನು ಬೇರೆಡೆ ಇಟ್ಟುಕೊಂಡು, ಅಕ್ಷರ ಪರಿವರ್ತನೆ ಮುಗಿಯುವ ತನಕ ಒಂದು ಫಾಂಟ್ ಗುರುತನ್ನೂ ತೆಗೆಯಬಾರದು. ಪುಟದ ಅಂದಚಂದ ಆಮೇಲೆ. ಕಡತಗಳನ್ನು ಆಧುನಿಕ ಸಂಪಾದಕಗಳಲ್ಲಿ ತೆರೆದು ಸುಮ್ಮನೆ ಉಳಿಸುವುದೂ ಅಪಾಯಕಾರಿ. ಸಂಕೇತ ಪದ್ಧತಿಯನ್ನು ತಪ್ಪಾಗಿ ಊಹಿಸಿದರೆ ಕೆಟ್ಟದ್ದು ಇನ್ನೊಮ್ಮೆ ಕೆಡುತ್ತದೆ.

ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೂ ಅದೇ ಕಾಲದ್ದು. ಅದನ್ನು ಅಳವಡಿಸಿಕೊಂಡ ತಂತ್ರಾಂಶಗಳು ಬಂದವು, ಹೋದವು. ವಿನ್ಯಾಸ ಮಾತ್ರ ಉಳಿಯಿತು; ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಹುಟ್ಟಿದ 'ಕಗಪ' ಎಂಬ ಹೆಸರು ಹೊತ್ತು ಲಿನಕ್ಸ್‌ನಲ್ಲೂ ಇದೆ. ಯಾವ ಕೀಲಿಗೆ ಯಾವ ಅಕ್ಷರ ಎಂಬುದು ಎಲ್ಲರಿಗೂ ತೆರೆದಿದ್ದ ಪಟ್ಟಿ. ಯಾರು ಬೇಕಾದರೂ ಅದನ್ನು ತಮ್ಮ ತಂತ್ರಾಂಶದಲ್ಲಿ ಮತ್ತೆ ಕಟ್ಟಬಹುದಿತ್ತು. ಫಾಂಟುಗಳ ಒಳಸಂಕೇತಗಳಾದರೋ ತಯಾರಕರಿಗೊಂದರಂತೆ ಇದ್ದವು.

ಕುಂಬ್ರದ ಕೋಷ್ಟಕಗಳ ಕೆಳಗೆ ಚಿಕ್ಕ ಅಕ್ಷರದ ಎರಡು ಸಾಲುಗಳಿದ್ದವು. ಪರಿವರ್ತನೆಯಾದ ಮೇಲೆ ಓದಿದರೆ ಮೊದಲನೆಯದು, ಬೆಳಿಗ್ಗೆ 8.30ಕ್ಕೆ ಅಳೆದ, ಹಿಂದಿನ 24 ಗಂಟೆಗಳ ಮಳೆ ಎಂದಿತ್ತು. ಹವಾಮಾನ ಇಲಾಖೆಯ ಪದ್ಧತಿಯೂ ಇದೇ. ಜುಲೈ 5ರ ಎದುರು ಬರೆದ ಮಳೆಯಲ್ಲಿ ಬಹುಪಾಲು 4ರ ಹಗಲು ಮತ್ತು ರಾತ್ರಿ ಸುರಿದದ್ದು. ಎರಡನೆಯ ಸಾಲು ಇನ್ನೂ ಮುಖ್ಯವಾದದ್ದು: ಭಾನುವಾರ ಶಾಲೆ ಇಲ್ಲದ ಕಾರಣ ಅಳತೆ ಇಲ್ಲ, ಸೋಮವಾರದ ಅಂಕಿಯಲ್ಲಿ ಎರಡು ದಿನಗಳ ಮಳೆ ಸೇರಿದೆ. ಈ ಸಾಲು ಓದಲಾಗದೆ ಬರಿಯ ಅಂಕಿಗಳನ್ನು ಗಣಕಕ್ಕೆ ಉಣಿಸಿದ್ದರೆ, ಪುತ್ತೂರು ತಾಲೂಕಿನಲ್ಲಿ ಸೋಮವಾರಗಳಂದೇ ಮಳೆ ಹೆಚ್ಚು ಎಂಬ ಸಂಶೋಧನೆ ಹೊರಬೀಳುತ್ತಿತ್ತು. ಈ ಟಿಪ್ಪಣಿ ಬರೆಸಿದ ಮಾಸ್ಟ್ರ ಬಗ್ಗೆ ನನಗೆ ಗೌರವ ಇಮ್ಮಡಿಯಾಯಿತು.

ಈಗ ಕೋಷ್ಟಕಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ ಕಡತಗಳಾಗಿ ಮಾಡಿದ್ದೇವೆ. ಮೊದಲ ಸಾಲುಗಳಲ್ಲೇ ಶಾಲೆ, ಏಕಮಾನ, ಅಳತೆಯ ಸಮಯ, ಭಾನುವಾರದ ಸಂಗತಿ ಎಲ್ಲವೂ ಯೂನಿಕೋಡ್ ಕನ್ನಡದಲ್ಲಿವೆ. ಜಾಲತಾಣವನ್ನೂ ನಾಲ್ಕಾರು ಸಾದಾ ಪುಟಗಳಾಗಿ ಬರೆದಿದ್ದೇವೆ. ಕುಣಿಯುವ ಗುಂಡಿ ಇಲ್ಲ, ಎಣಿಕೆಪಟ್ಟಿ ಇಲ್ಲ. ನಾಳೆ ಯಾರಾದರೂ ಸುಲಭದ ತಂತ್ರಾಂಶವೊಂದರಲ್ಲಿ ಇದನ್ನು ಚೆಂದಗೊಳಿಸಿದರೆ ನನ್ನ ಅಭ್ಯಂತರವಿಲ್ಲ, ಸಾದಾ ಪ್ರತಿ ಪಕ್ಕದಲ್ಲಿರುತ್ತದೆ.

ಎರಡು ಮಳೆಗಾಲಗಳ ಪುಟಗಳು ಮಾತ್ರ ಬಗ್ಗಲಿಲ್ಲ. ಅವುಗಳಲ್ಲಿ ತಲೆಬರಹವನ್ನೂ ಟಿಪ್ಪಣಿಯನ್ನೂ ಅಲಂಕಾರಕ್ಕಾಗಿ ಚಿತ್ರವಾಗಿ ಸೇರಿಸಿದ್ದರು. ಚಿತ್ರದ ಕಡತ ಸಿ.ಡಿ.ಗೆ ಬಂದೇ ಇಲ್ಲ. ಪುಟದ ಸಂಕೇತದಲ್ಲಿರುವ ವಿಳಾಸ ಶಾಲೆಯ ಹಳೆಯ ಗಣಕದ ಸಿ ಡ್ರೈವನ್ನು ತೋರಿಸುತ್ತದೆ. ಆ ಗಣಕ ಗುಜರಿಗೆ ಹೋಗಿ ವರ್ಷಗಳಾದವು. ಯಾವ ವರ್ಷದ ಮಳೆಯೆಂಬುದೇ ಖಚಿತವಿಲ್ಲ. ಆ ವರ್ಷಗಳ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ವಿಜ್ಞಾನ ಸಂಘದ ನೋಟುಪುಸ್ತಕ ಉಳಿದಿದೆಯೇ ಎಂದು ಮಾಸ್ಟ್ರು ವಿಚಾರಿಸುತ್ತಿದ್ದಾರೆ. ಅದು ಸಿಗುವವರೆಗೆ ಆ ಅಂಕಿಗಳನ್ನು ಪಟ್ಟಿಗೆ ಸೇರಿಸದೆ ಬೇರೆ ಕಡತದಲ್ಲಿ ಇಟ್ಟಿದ್ದೇವೆ.