ತೇವ ಗೆದ್ದರೆ ತಿಂಡಿ ಗೆದ್ದಂತೆ

ಕಡಲೆಪುರಿಯ ಮುಕ್ಕಾಲು ಪಾಲು ಅಡುಗೆ ಭಟ್ಟಿಯಲ್ಲೇ ಮುಗಿದಿರುತ್ತದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಸವರಿ, ಕಾದ ಮರಳಿನಲ್ಲಿ ಅರಳಿಸಿದ ಮೇಲೆಯೇ ಅದು ಅಂಗಡಿಯ ಚೀಲ ಸೇರುವುದು. ಹುರಿಗಡಲೆಯೂ ಬಿಸಿ ಮರಳು ಕಂಡದ್ದೇ. ಅವಲಕ್ಕಿಯಂತೂ ನೆಂದು, ಹುರಿಸಿಕೊಂಡು, ಕುಟ್ಟಿಸಿಕೊಂಡು ಬಂದದ್ದು. ಕುರುಬರಹಳ್ಳಿಯಲ್ಲಿ ಶಾಲೆಯ ವ್ಯಾನಿನಿಂದಿಳಿದ ಮಗು ಬ್ಯಾಗು ಎಸೆದು "ಅಮ್ಮಾ, ತಿನ್ನೋಕೆ ಏನಿದೆ?" ಅಂದಾಗ ಹತ್ತೇ ನಿಮಿಷದಲ್ಲಿ ತಟ್ಟೆ ಮುಂದಿಡಲು ಆಗುವುದು ಈ ದುಡಿಮೆಯ ದೆಸೆಯಿಂದ. ಮನೆಯವರಿಗೆ ಉಳಿಯುವುದು ಒಗ್ಗರಣೆ ಮತ್ತು ತೇವದ ಲೆಕ್ಕ.

ತೇವದ ಲೆಕ್ಕವೇ ಕಷ್ಟದ್ದು. ಪುರಿ ಗಾಳಿಯ ಪಸೆಯನ್ನೂ ಬಿಡದೆ ಹೀರುತ್ತದೆ. ಮಳೆಗಾಲದಲ್ಲಿ ಚೀಲ ಬಿಚ್ಚಿದ ಮರುದಿನವೇ ಮೆತ್ತಗಾಗುತ್ತದೆ. ಒಣ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಕೈಯಾಡಿಸಿದರೆ ನೀರಂಶ ಹೋಗಿ ಮತ್ತೆ ಗರಿಗರಿ. ಚುರುಮುರಿಗೆ ಮೊದಲು ಬೀಳಬೇಕಾದ್ದು ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ, ಅದರ ಹಿಂದೆಯೇ ಖಾರದಪುಡಿ. ಪುರಿಗೆ ಹತ್ತಿದ ಎಣ್ಣೆಯ ತೆಳು ಪದರ ನೀರನ್ನು ಕೊಂಚ ಹೊತ್ತು ತಡೆಯುತ್ತದೆ. ಆಮೇಲೆ ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ ಸೊಪ್ಪು. ಟೊಮೆಟೊ, ನಿಂಬೆರಸ ಕಟ್ಟಕಡೆಗೆ. ಈರುಳ್ಳಿಗೆ ಮುಂಚಿತವಾಗಿ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟು ಎಲ್ಲವೂ ಕೆಡುತ್ತದೆ. ಗಾಡಿಯವರು ಗಿರಾಕಿ ಎದುರು ನಿಂತ ಮೇಲೆಯೇ ಕಲಸುವುದು ಸುಮ್ಮನೆ ಅಲ್ಲ.

ಖಾರಪುರಿಗೆ ಈ ಅವಸರವಿಲ್ಲ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಕಡಲೆಬೀಜ ಹುರಿದು, ಅರಿಶಿನ ಹಾಕಿ ಪುರಿ ಸುರಿದರಾಯಿತು. ಬೆಳ್ಳುಳ್ಳಿ ಕೆಂಪಗಾಗಿ ಗರಿಯಾಗಲೇಬೇಕು; ಹಸಿ ಉಳಿದರೆ ಪುರಿಯೂ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿದರೆ ವಾರವಿಡೀ ನಿಶ್ಚಿಂತೆ.

ಅವಲಕ್ಕಿಯ ಸ್ವಭಾವ ತಿರುಗುಮುರುಗು. ಅದಕ್ಕೆ ತೇವ ಬೇಕು, ಅಳತೆಯಲ್ಲಿ ಬೇಕು. ತೆಳು ಅವಲಕ್ಕಿಗೆ ಹಸಿ ತೆಂಗಿನತುರಿ, ಸಾರಿನಪುಡಿ, ಚೂರು ಬೆಲ್ಲ ಹಾಕಿ ಕೈಯಲ್ಲಿ ಹಿಸುಕಿ ಐದು ನಿಮಿಷ ಬಿಟ್ಟರೆ ಸಾಕು, ತೆಂಗಿನ ಪಸೆಯಲ್ಲೇ ಮೆದುವಾಗುತ್ತದೆ. ಗೊಜ್ಜವಲಕ್ಕಿಗೆ ಗಟ್ಟಿ ಅವಲಕ್ಕಿಯನ್ನು ರವೆಯಂತೆ ಪುಡಿಮಾಡಿ, ಒಂದು ಲೋಟಕ್ಕೆ ಮುಕ್ಕಾಲು ಲೋಟ ಹುಣಸೆರಸ ಹಿಡಿಸಬೇಕು. ಹೆಚ್ಚಾದರೆ ಮುದ್ದೆ. ಸಂಜೆ ತಿಂಡಿಗಳಲ್ಲಿ ಹೊಟ್ಟೆಗೂ ನಾಲಗೆಗೂ ಒಟ್ಟಿಗೆ ನ್ಯಾಯ ಸಲ್ಲಿಸುವುದು ಇದೇ.

ಒಲೆ ಹಚ್ಚಲೂ ಪುರುಸೊತ್ತಿಲ್ಲದ ದಿನಗಳಿಗೆ ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟಿದೆ: ಮೇಲೆ ಕ್ಯಾರೆಟ್, ಈರುಳ್ಳಿ, ನಿಂಬೆರಸ, ಖಾರದಪುಡಿ. ವಿಶ್ವೇಶ್ವರಪುರದಲ್ಲಿ 1953ರಲ್ಲಿ ಶುರುವಾದ ವಿ.ಬಿ. ಬೇಕರಿ ಹೆಸರಾದದ್ದು ಖಾರಾ ಬನ್ನಿನ ಜೊತೆ ಕಾಂಗ್ರೆಸ್ ಕಡಲೆಬೀಜಕ್ಕೂ. ಸಿಪ್ಪೆ ತೆಗೆದು ಎರಡು ಹೋಳಾದ ಆ ಮಸಾಲೆ ಬೀಜ ಬೆಣ್ಣೆ ಸವರಿದ ಬನ್ನಿನೊಳಗೆ ಸೊಗಸಾಗಿ ಕೂರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅದನ್ನು ನುಣ್ಣಗೆ ಕುಟ್ಟಿಯೇ ಹಾಕಬೇಕು. ಇಡೀ ಬೀಜ, ಅರ್ಧ ಹೋಳು ಎರಡೂ ಆ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.