ಬೆಳಕಿಂಡಿಯ ಕೆಳಗೆ ಸೇವಂತಿ

ಹಿಮ ಬೀಳುವ ನಾಡಿನವರು ಚಳಿಗಾಲದಲ್ಲಿ ಹೂವಿನ ಫೋಟೊ ತೆಗೆಯಲು ಮನೆಯೊಳಗೆ ಸೇರುವುದು ಸರಿ, ಬಿಸಿಲಿಗೆ ಬರವಿಲ್ಲದ ನಮ್ಮ ಹನುಮಸಾಗರದಲ್ಲಿ ಅದೇಕೆ ಎಂದು ಕೇಳಬಹುದು. ಬಿಸಿಲು ಬೇರೆ, ಬೆಳಕು ಬೇರೆ. ಬಯಲಿನ ನೇರ ಬಿಸಿಲು ಹಳದಿ ಸೇವಂತಿಯ ಎಸಳುಗಳನ್ನೆಲ್ಲ ಒಂದೇ ಮುದ್ದೆ ಮಾಡುತ್ತದೆ. ಒಣಗಾಳಿ ಹೂವನ್ನು ನಿಲ್ಲಗೊಡುವುದಿಲ್ಲ. ಡಿಸೆಂಬರ್ ಕೊನೆಗೆ ಇಲ್ಲಿ ನಡುಹಗಲ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿಯಷ್ಟೇ ಏರುವುದರಿಂದ ತೆಂಕಣ ಕಿಟಕಿಯ ಬೆಳಕು ಕೋಣೆಯೊಳಕ್ಕೆ ಚಾಚುತ್ತದೆ. ಮಾಳಿಗೆ ಮನೆಯ ಬೆಳಕಿಂಡಿಯಂತೂ ಅದನ್ನು ಸೋಸಿ ಇಳಿಸುತ್ತದೆ. ದಪ್ಪ ಮಣ್ಣುಗೋಡೆಯ ಕತ್ತಲೇ ಹಿನ್ನೆಲೆಯ ಪರದೆ. ನೆರಳು ಗಾಢವಾದರೆ ಎದುರಿಗೆ ಬಿಳಿ ಧೋತರ ಹಿಡಿದರಾಯಿತು. ಸೇವಂತಿ ಮೊಗ್ಗೊಡೆಯುವುದು ಹಗಲು ಕುಗ್ಗಿದಾಗ. ಹೂವನ್ನು ತರುವ ಋತುವೇ ಅದಕ್ಕೊಪ್ಪುವ ಓರೆ ಬೆಳಕನ್ನೂ ತರುತ್ತದೆ, ಇದು ಎಂಥ ಹೊಂದಾಣಿಕೆ!

ಗಿಡದಿಂದ ಬೇರ್ಪಟ್ಟ ಹೂವು ನಿಜವಾದ ಹೂವಲ್ಲ ಎಂಬ ಆಕ್ಷೇಪವೂ ಇದೆ. ಗಿಡ, ಹೊಲ, ಆಕಾಶದ ನಂಟು ಚಿತ್ರದಲ್ಲಿ ತಪ್ಪುವುದು ನಿಜ. ಆದರೆ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಸಸ್ಯಗಳನ್ನು ಸಾದಾ ಹಿನ್ನೆಲೆಯಲ್ಲಿಟ್ಟು ಹಲವು ಪಟ್ಟು ಹಿಗ್ಗಿಸಿ ತೆಗೆದ ಚಿತ್ರಗಳು 1928ರಲ್ಲಿ ಪುಸ್ತಕವಾದಾಗ, ತೋಟದಲ್ಲಿ ಯಾರೂ ಗಮನಿಸದ ಕಟ್ಟೋಣ ಕಣ್ಣಿಗೆ ಬಿತ್ತು. ಸೇವಂತಿ ಒಂದು ಹೂವಲ್ಲ, ನೂರಾರು ಕಿರುಹೂಗಳ ಗೊಂಚಲು ಎಂಬುದು ತಿಳಿಯುವುದೂ ಮನೆಯೊಳಗಿನ ಇಂಥ ಓರೆ ಬೆಳಕಿನಲ್ಲೇ. ಪೂಜೆಗೆ ತಂದ ಹೂಗಳಲ್ಲಿ ಒಂದನ್ನು ತಂಬಿಗೆಯಲ್ಲಿಡಿ, ಮೊಬೈಲಿನ ಫ್ಲ್ಯಾಶ್ ಆರಿಸಿ, ಬೆಳಕಿಂಡಿಯ ಕೆಳಗೆ ನೋಡಿ.