ಹುಬ್ಬಳ್ಳಿಯ 21 ಚುಕ್ಕೆ

ಭಾನುವಾರ ಬೆಳಿಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ಹವ್ಯಾಸಿ ರೇಡಿಯೊ ನಡೆಸುವ ನಾವು ನಾಲ್ಕೈದು ಹ್ಯಾಮ್‌ಗಳು ಮೋರ್ಸ್ ಕೀ ಹಿಡಿದು ಕೂರುತ್ತೇವೆ. ಒಮ್ಮೆ ಹುಬ್ಬಳ್ಳಿಯ ಗೆಳೆಯರು ತಮ್ಮ ಊರಿನ ಹೆಸರು ಕುಟ್ಟಿದರು. ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಚುಕ್ಕೆ 21, ಗೆರೆ ಬರೀ 6. ನನ್ನ ಕಾಗದದ ಮೇಲೆ ಇಳಿದದ್ದು ಐದೇ ಅಕ್ಷರ, ಅದರಲ್ಲೂ ಮೊದಲ ಎಚ್ ಎಸ್ ಆಗಿತ್ತು. ನಾಲ್ಕನೆಯ ಚುಕ್ಕೆ ನುಂಗಿದ್ದು ಅವರ ಕೈಯೋ ನನ್ನ ಕಿವಿಯೋ! ಆದರೂ ನಾನು ಕೊಟ್ಟ ವರದಿ 599: ಪೂರ್ತಿ ಸ್ಪಷ್ಟ, ಬಲು ಜೋರು, ಶುದ್ಧ ನಾದ.

ಈ ಅಭ್ಯಾಸದ ಬಗ್ಗೆ ನನ್ನ ತಕರಾರು ಶುರುವಾಗುವುದು ಈ ದಾಕ್ಷಿಣ್ಯದಿಂದ. ಕರೆಸಂಕೇತ, 599, ಹೆಸರು, ಊರು, ಹವೆ, ಕೊನೆಗೆ ಶುಭಾಶಯದ 73. ಮುಂದೇನು ಬರುತ್ತದೆಂದು ಮೊದಲೇ ಗೊತ್ತು, ಹಾಗಾಗಿ ಅರ್ಧದಷ್ಟನ್ನು ಕಿವಿ ಕೇಳುವುದೇ ಇಲ್ಲ. ಊರಿನ ಹೆಸರೊಂದೇ ನಿಜವಾದ ಪರೀಕ್ಷೆ. ಅಲ್ಲೇ ಎಲ್ಲರೂ ಎಡವುತ್ತಾರೆ, ಎಡವಿದ್ದನ್ನು ಯಾರೂ ಹೇಳುವುದಿಲ್ಲ.

ಇನ್ನು ವೇಗ. ಮೋರ್ಸ್ ಪರೀಕ್ಷೆ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಸಡಿಲವಾಯಿತು. ಆದರೂ ನಾನು ಪರೀಕ್ಷೆಗೆ ಕೂತಾಗ ನಮ್ಮ ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದ ಬೇಕಿತ್ತು. ಆ ವೇಗದಲ್ಲಿ ಒಂದು ಚುಕ್ಕೆಗೆ 150 ಮಿಲಿಸೆಕೆಂಡ್. ಗೋಡೆಗೆ ಅಂಟಿಸಿದ ಮೋರ್ಸ್ ಪಟ್ಟಿಯನ್ನು ನೆನೆಯುತ್ತ ಎಣಿಸಿಕೊಂಡೇ ಪಾಸಾಗಬಹುದು. ಹಾಗೆ ಪಾಸಾದವರು 10ರ ಹತ್ತಿರ ಬಂದು ಎಮ್ಮೆಯಂತೆ ನಿಂತುಬಿಡುತ್ತಾರೆ. ನಾನೂ ನಿಂತಿದ್ದೆ. ಜರ್ಮನಿಯ ಲುಡ್ವಿಗ್ ಕಾಖ್ 1930ರ ದಶಕದಲ್ಲೇ ಇದಕ್ಕೆ ದಾರಿ ತೋರಿಸಿದ್ದ: ಎರಡೇ ಅಕ್ಷರದಿಂದ ಶುರು ಮಾಡು, ಆದರೆ ಪೂರ್ತಿ ವೇಗದಲ್ಲಿ. ಮೃದಂಗದ ಮೇಷ್ಟ್ರು ತಕಧಿಮಿಯನ್ನು ಬಾಯಲ್ಲಿ ಹೇಳಿಸುತ್ತಾರೆಯೇ ಹೊರತು ಪಟ್ಟಿ ನೋಡಿ ಎಣಿಸಲು ಬಿಡುತ್ತಾರೆಯೇ? ನಮ್ಮ ಹಿರಿಯರು ಮಾತ್ರ 'ಕ್ಯೂಆರ್‌ಎಸ್', ಅಂದರೆ ನಿಧಾನ, ಎಂದು ಕೇಳಿದರೆ ಅಕ್ಷರವನ್ನೇ ರಬ್ಬರಿನಂತೆ ಎಳೆಯುತ್ತಾರೆ. ಅಕ್ಷರ 18 ಪದದ ವೇಗದಲ್ಲೇ ಬರಲಿ. ಹಿಗ್ಗಬೇಕಾದದ್ದು ನಡುವಿನ ಮೌನ.

ಇಷ್ಟೆಲ್ಲ ಗೊಣಗಿಯೂ ಫೋನಿನ ಮೋರ್ಸ್ ಆ್ಯಪ್ ಬಿಟ್ಟು ಇವರ ಜೊತೆ ಕೂರುವುದಕ್ಕೆ ಕಾರಣವಿದೆ. ಆ್ಯಪ್‌ನ ಗೆರೆ ಸದಾ ಮೂರು ಚುಕ್ಕೆಯಷ್ಟೇ ಉದ್ದ. ಮನುಷ್ಯರ ಕೈ ಹಾಗಲ್ಲ. ನಮ್ಮಲ್ಲೊಬ್ಬರು ಹಳೇ ಹಿತ್ತಾಳೆ ಕೀಯಲ್ಲಿ ಕೊನೆಯ ಗೆರೆಯನ್ನು ರಾಗದಂತೆ ಎಳೆಯುತ್ತಾರೆ. ಕರೆಸಂಕೇತ ಮುಗಿಯುವ ಮೊದಲೇ ಅವರೆಂದು ಗೊತ್ತಾಗುತ್ತದೆ. ನಡುವೆ ಸಿಗ್ನಲ್ ಮುಳುಗುತ್ತದೆ, ತೇಲುತ್ತದೆ. ತಪ್ಪಿದರೆ ಆ್ಯಪ್ ಮುಚ್ಚಿಡಬಹುದು. ಇಲ್ಲಿ ಆ ಕಡೆ ಒಬ್ಬರು ಕಾಯುತ್ತಿರುತ್ತಾರೆ.

ಈಚೆಗೆ ಒಂದು ಹಟ ಹಿಡಿದಿದ್ದೇನೆ. ವರದಿಗೆ ಮೊದಲು, ಕೇಳಿಸಿದ್ದನ್ನು ಕೇಳಿಸಿದ ಹಾಗೇ ತಿರುಗಿ ಕಳಿಸುವುದು. ಹುಬ್ಬಳ್ಳಿಯವರು ತಮ್ಮ ಊರಿನ ಅವಸ್ಥೆ ಕೇಳಿ, ಮೌನ ಹಿಗ್ಗಿಸಿ ಮತ್ತೊಮ್ಮೆ ಕುಟ್ಟಿದರು. ಈ ಸಲ ಎಚ್ ಸರಿಯಾಗಿ ಬಂತು. ಎರಡನೆಯ ಬಿ ಮಾತ್ರ ಒಂದು ಚುಕ್ಕೆ ಹೆಚ್ಚಾಗಿ 6 ಆಗಿತ್ತು.